ಹಮ್ರಿಯಾದಲ್ಲಿ ನಾನು ಸಮುದ್ರ ಸೀಳಿದ್ದು

ಡಾಕ್ಟರು ಹೇಳಿದ್ದಾರೆಂದು ನನ್ನ ಸೊಸೆ ದಿನಾ ಒಂದು ಹಿಡಿ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ನನ್ನ ಮುಂದೆ ತಂದಿಡುತ್ತಾಳೆ. ರಕ್ತ ಹೆಚ್ಚುತ್ತದಂತೆ. ಈ ವಯಸ್ಸಿನಲ್ಲಿ ರಕ್ತ ಹೆಚ್ಚಿಸಿಕೊಂಡು ನಾನು ಯಾರ ಮೇಲೆ ಯುದ್ಧಕ್ಕೆ ಹೋಗಬೇಕಾಗಿದೆ ಎಂದು ಗೊಣಗುತ್ತಲೇ ತಿನ್ನುತ್ತೇನೆ. ಮೊನ್ನೆ ಬಟ್ಟಲಿನಲ್ಲಿ ಉಳಿದ ಕಂದು ನೀರನ್ನು ಚೆಲ್ಲಲು ಹೊರಟವಳನ್ನು ಕೈಹಿಡಿದು ನಿಲ್ಲಿಸಿದೆ. ‘ಚೆಲ್ಲಬೇಡ ಮಾರಾಯ್ತಿ, ಅದು ಫ್ಲೋರಾಳ ವೈನು’ ಎಂದೆ. ಸೊಸೆ ನನ್ನ ಹಣೆ ಮುಟ್ಟಿ ನೋಡಿದಳು.

ಕೂರಿಸಿ ಹೇಳಲು ಶುರುಮಾಡಿದ್ದೆ, ಅಷ್ಟರಲ್ಲಿ ಕುಕ್ಕರ್ ಕೂಗಿ ಎದ್ದುಹೋದಳು. ಬಾಯಿಗೆ ಬಂದ ಕತೆಯನ್ನು ನುಂಗಿಕೊಂಡರೆ ನನಗೆ ಅಜೀರ್ಣವಾಗುತ್ತದೆ. ಅದಕ್ಕೇ ನಿಮ್ಮನ್ನು ಹಿಡಿದಿದ್ದೇನೆ. ನಿಮ್ಮ ಮನೆಯಲ್ಲೂ ಕುಕ್ಕರ್ ಇಟ್ಟಿದ್ದರೆ ಈಗಲೇ ಆರಿಸಿ ಬಂದುಬಿಡಿ.

ಮೊದಲು ನನ್ನ ಪರಿಚಯ. ಯೆಹೂದಿಗಳ ಹಬ್ಬಗಳ ಮೇಲೆ ಮಕ್ಕಳಿಗಾಗಿ ನಾಲ್ಕು ಚಿತ್ರಪುಸ್ತಕ ಬರೆದ ಉಡುಪಿ ಕಡೆಯ ಹೆಂಗಸು ನಾನೊಬ್ಬಳೇ ಇರಬೇಕು. ನಗಬೇಡಿ. ನಾಲ್ಕರ ಎಲ್ಲ ಪ್ರತಿಗಳೂ ಮುಗಿದುಹೋದವು. ಒಂದೊಂದೇ ಪ್ರತಿ ಇದ್ದದ್ದು ಎನ್ನುವುದನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ಈಗ ಹೇಳುವುದು ಮೊದಲನೆಯದರ ಕತೆ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮಸ್ಕತ್ತಿನ ಹಮ್ರಿಯಾದಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟು. ಇವರು ರೂವಿಯ ಒಂದು ಕಂಪನಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದರು. ನಾನು ಇವರನ್ನೂ ಮಗನನ್ನೂ ನೋಡಿಕೊಳ್ಳುತ್ತಿದ್ದೆ. ಕೆಳಗೆ ಮಟ್ಟುಗುಳ್ಳದ ಬದನೆ ಒಂದನ್ನು ಬಿಟ್ಟು ಮತ್ತೆಲ್ಲ ಸಿಗುವ ಅಂಗಡಿ, ಮೆಟ್ಟಿಲ ಮೇಲೆ ಐದಾರು ಭಾಷೆ, ಕಿಟಕಿ ತೆರೆದರೆ ಹುಲ್ಲುಕಡ್ಡಿಯೂ ಇಲ್ಲದ ಬೋಳು ಬೆಟ್ಟ. ಎದುರು ಬಾಗಿಲಿನವಳೇ ಫ್ಲೋರಾ. ಬೊಂಬಾಯಿ ಹತ್ತಿರದ ಠಾಣೆಯವಳು. ಗಂಡ ಡೇನಿಯಲ್ ಒಂದು ವರ್ಕ್‌ಶಾಪಿನಲ್ಲಿ ಎಂಜಿನಿಯರು. ಆರು ವರ್ಷದ ಒಬ್ಬಳೇ ಮಗಳು ರಿವ್ಕಾ, ಎಲ್ಲರ ಬಾಯಲ್ಲಿ ರಿವು. ಫ್ಲೋರಾ ನನ್ನನ್ನು ‘ತಾಯಿ’ ಎನ್ನುತ್ತಿದ್ದಳು. ಅವರ ಮರಾಠಿಯಲ್ಲಿ ಹಾಗೆಂದರೆ ಅಕ್ಕ ಎಂದು ತಿಳಿಯುವವರೆಗೆ, ನಾನೇನು ಅಷ್ಟು ಮುದುಕಿಯಾಗಿ ಕಾಣುತ್ತೇನೆಯೇ ಎಂದು ಕನ್ನಡಿ ನೋಡಿಕೊಂಡದ್ದುಂಟು. ಮಾತು ನಡೆಯುತ್ತಿದ್ದದ್ದು ಅವಳ ಬೊಂಬಾಯಿ ಹಿಂದಿಗೂ ನನ್ನ ಉಡುಪಿ ಹಿಂದಿಗೂ ನಡುವೆ ಎಲ್ಲೋ ಒಂದು ಕಡೆ. ಒಂದು ವರ್ಷ ಅವರನ್ನು ನಾನು ಕ್ರಿಶ್ಚಿಯನ್ನರೆಂದೇ ತಿಳಿದಿದ್ದೆ. ಹೆಸರು ಹಾಗಿತ್ತು, ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗೊತ್ತಾದದ್ದು ಡೇನಿಯಲ್‌ಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ ದಿನ. ಗಲ್ಫಿನಲ್ಲಿ ಇದ್ದವರಿಗೆ ಗೊತ್ತು, ಅಲ್ಲಿ ಲೈಸೆನ್ಸ್ ಪಡೆಯುವುದಕ್ಕಿಂತ ಮಗಳ ಮದುವೆ ಮಾಡಿ ಮುಗಿಸುವುದು ಸುಲಭ. ಆರು ಸಲ ಅರ್ಧ ದಾರಿಯಲ್ಲೇ ‘ಖಲಾಸ್’ ಎನ್ನಿಸಿಕೊಂಡು ಇಳಿದು ಬಂದವನು ಏಳನೆಯ ಸಲ ಪಾಸಾದ. ಆ ಸಂಜೆ ಫ್ಲೋರಾ ಒಂದು ತಟ್ಟೆ ಅವಲಕ್ಕಿ ತಂದಳು. ಬೆಲ್ಲ, ತೆಂಗಿನತುರಿ, ಏಲಕ್ಕಿ ಹಾಕಿ ಕಲಸಿದ್ದು, ಮೇಲೆ ಹಣ್ಣಿನ ಹೋಳು. ಎಲಿಯಾಹು ಎಂಬ ಪ್ರವಾದಿಗೆ ಹರಕೆ ಹೊತ್ತಿದ್ದಳಂತೆ. ಇದಕ್ಕೆ ಮಲೀದಾ ಎನ್ನುತ್ತಾರಂತೆ. ಒಂದು ಹಿಡಿ ಬಾಯಿಗೆ ಹಾಕಿಕೊಂಡವಳು ನಾನು ಬೆಪ್ಪಾದೆ. ಅಪ್ಪಟ ಪಂಚಕಜ್ಜಾಯ! ಜನ ಯಾವುದೆಂದು ನೇರವಾಗಿ ಕೇಳಿಯೇಬಿಟ್ಟೆ. ನಮ್ಮೂರಿನ ಅಭ್ಯಾಸ, ಏನು ಮಾಡುವುದು. ಅವಳು ಬಾಗಿಲನ್ನು ಸ್ವಲ್ಪ ಮುಂದಕ್ಕೆ ಮಾಡಿ, ತಾವು ಯೆಹೂದಿಗಳು ಎಂದಳು.

ಅವರ ಹಿರಿಯರು ಎಷ್ಟೋ ನೂರು ವರ್ಷಗಳ ಹಿಂದೆ ಹಡಗು ಒಡೆದು ಕೊಂಕಣದ ದಡಕ್ಕೆ ಬಿದ್ದವರಂತೆ. ಊರೂರಲ್ಲಿ ಎಣ್ಣೆಗಾಣ ಆಡಿಸಿದರಂತೆ, ಶನಿವಾರ ಮಾತ್ರ ಗಾಣ ನಿಲ್ಲಿಸಿ ಕೂತರಂತೆ. ಮನೆಮಾತು ಮರಾಠಿ, ಸಾರಿಗೆ ತೆಂಗಿನಹಾಲು. ಹಬ್ಬಗಳ ಹೆಸರು ಕೇಳಿದರಂತೂ ನಮ್ಮ ಅಡುಗೆಮನೆಯಲ್ಲೇ ಇಟ್ಟ ಹೆಸರಿನ ಹಾಗಿದ್ದವು: ಖೀರಿನ ಹಬ್ಬ, ಬಾಗಿಲು ಹಾಕುವ ಹಬ್ಬ, ಹುಳಿ ಭರಣಿಯ ಬಾಯಿ ಮುಚ್ಚುವ ಹಬ್ಬ. ಹಬ್ಬದ ಪ್ರಾರ್ಥನೆಗೆ ವೈನು ಬೇಕು. ಅದಕ್ಕೆ ಅವರು ಒಣದ್ರಾಕ್ಷಿ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ಶರಬತ್ತು ಮಾಡಿಕೊಳ್ಳುತ್ತಿದ್ದರು. ಅದೇ ನನ್ನ ಸೊಸೆ ಚೆಲ್ಲಲು ಹೊರಟ ನೀರು.

ಆದರೆ ಇದೆಲ್ಲ ಬಾಗಿಲು ಮುಂದಕ್ಕೆ ಮಾಡಿ ನಡೆಯುವ ಹಬ್ಬಗಳು. ಮಸ್ಕತ್ತಿನಲ್ಲಿ ಅವರ ಜನ ಬೇರೆ ಯಾರೂ ಅವರಿಗೆ ಗೊತ್ತಿರಲಿಲ್ಲ. ಡೇನಿಯಲ್ ಒಂದಿಷ್ಟು ಪ್ರಾರ್ಥನೆ ಗೊಣಗುವುದು, ಫ್ಲೋರಾ ಒಂದು ದೀಪ ಹಚ್ಚುವುದು, ಮುಗಿಯಿತು. ನಮ್ಮ ಮನೆಯಲ್ಲಿ ಹಾಗೆಯೇ? ನಾನು ಹಬ್ಬ ಮಾಡಿದರೆ ಇಡೀ ಮಹಡಿಗೆ ಎಣ್ಣೆಯ ವಾಸನೆ ಬಡಿಯಬೇಕು. ರಿವು ಶಾಲೆಯಿಂದ ಬಂದವಳೇ ‘ಮೌಶಿ’ ಎಂದು ನನ್ನ ಅಡುಗೆಕಟ್ಟೆಗೆ ಬಂದು ನಿಲ್ಲುತ್ತಿದ್ದಳು. ಮೌಶಿ ಎಂದರೆ ಚಿಕ್ಕಮ್ಮ. ಅಷ್ಟಮಿಗೆ ಚಕ್ಕುಲಿ ಒತ್ತಲು ಅವಳು, ರಂಗೋಲಿಗೆ ಬಣ್ಣ ತುಂಬಲು ಅವಳು, ಕೃಷ್ಣನಿಗೆ ಬೆಣ್ಣೆ ತಿನ್ನಿಸಿ ಉಳಿದದ್ದನ್ನು ನೆಕ್ಕಲು ಅವಳು. ನನ್ನ ಮಗನಿಗೆ ಇದೆಲ್ಲ ಬೇಡವಾಗಿತ್ತು. ಏನು ಕೇಳಿದರೂ ಇಂಗ್ಲಿಷಿನಲ್ಲಿ ‘ಆಮೇಲೆ’ ಎನ್ನುತ್ತಿದ್ದ. ಅದಕ್ಕೇ ನಾನೂ ನನ್ನ ಹಬ್ಬಗಳನ್ನೆಲ್ಲ ಕೈತುಂಬ ಎತ್ತಿ ಎದುರುಮನೆ ಹುಡುಗಿಗೆ ಬಡಿಸಿಬಿಟ್ಟೆ. ತಪ್ಪೆಂದು ಹೊಳೆಯಲೇ ಇಲ್ಲ.

ಒಂದು ಅಷ್ಟಮಿಯ ಮರುದಿನ ಅವಳು ಠಾಣೆಯಲ್ಲಿದ್ದ ಅಪ್ಪನ ತಾಯಿಗೆ, ಆಜಿಗೆ, ಕಾಗದ ಬರೆದಳು. ಸ್ವಂತ ಕೈಬರಹದ ಮೊದಲ ಕಾಗದ ಎಂದು ಡೇನಿಯಲ್ ಓದದೆಯೇ ಅಂಚೆಗೆ ಹಾಕಿದ. ಅದರ ಸಾರಾಂಶ ಆಮೇಲೆ ನಮಗೆಲ್ಲ ಬಾಯಿಪಾಠವಾಯಿತು: ‘ಪ್ರೀತಿಯ ಆಜಿ, ನಿನ್ನೆ ನಮ್ಮ ದೇವರ ಬರ್ತ್‌ಡೇ ಆಯಿತು. ನಮ್ಮ ದೇವರು ನೀಲಿ. ನಾವು ಚಕ್ಕುಲಿ ಮಾಡಿದೆವು. ನಿನಗೆ ಪಾರ್ಸೆಲ್ ಇಲ್ಲ, ಎಲ್ಲ ಮುಗಿಯಿತು.’

ಚಕ್ಕುಲಿ ಸಿಗದ ಸಿಟ್ಟೋ ನೀಲಿ ದೇವರ ಸಿಟ್ಟೋ, ಆಜಿ ತಡಮಾಡಲಿಲ್ಲ. ಅವಳ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡು ಫ್ಲೋರಾ ನಮ್ಮ ಮನೆಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಭರಣಿ ಮುಚ್ಚುವ ಹಬ್ಬಕ್ಕೆ ತಾನು ಮಸ್ಕತ್ತಿಗೆ ಬರುತ್ತೇನೆ, ಅವತ್ತು ಮನೆಯ ಕಿರಿಯ ಮಗು ಊಟದ ಮೇಜಿನಲ್ಲಿ ನಮ್ಮ ಹಿರಿಯರ ಕತೆಯನ್ನು ಕೇಳಿ ಹೇಳಬೇಕಾದದ್ದು ಪದ್ಧತಿ, ರಿವು ಹೇಳಲಿ ನೋಡೋಣ. ಬಾರದಿದ್ದರೆ ಹಿಂದಿರುಗುವಾಗ ಅವಳನ್ನು ಠಾಣೆಗೆ ಕರೆದುಕೊಂಡು ಹೋಗಿ ನನ್ನ ಹತ್ತಿರವೇ ಇಟ್ಟುಕೊಂಡು ಓದಿಸುತ್ತೇನೆ. ಇಷ್ಟೇ ಇದ್ದದ್ದು. ಕೆಳಗೆ ಆಶೀರ್ವಾದ.

ಹೆದರಿಸಲಿಕ್ಕೆ ಬರೆದಿರಬಹುದು ಎಂದೆ. ಫ್ಲೋರಾ ಅಲ್ಲವೆಂದು ತಲೆಯಾಡಿಸಿದಳು. ಅತ್ತೆ ಹೇಳಿದರೆ ಮುಗಿಯಿತು, ಡೇನಿಯಲ್ ತಾಯಿಯ ಎದುರು ಬಾಯಿ ತೆರೆದವನಲ್ಲ. ಆಗೆಲ್ಲ ಗಲ್ಫಿನ ಎಷ್ಟೋ ಮಕ್ಕಳು ಊರಲ್ಲಿ ಅಜ್ಜಿಯರ ಹತ್ತಿರ ಬೆಳೆಯುತ್ತಿದ್ದವು. ಕೇಳುವವರಿಗೆ ಅದೊಂದು ವಿಶೇಷವೇ ಅಲ್ಲ. ವರ್ಷಕ್ಕೊಮ್ಮೆ ರಜೆಯಲ್ಲಿ ಹೋದ ತಾಯಿಯನ್ನು ಮಗು ಅಜ್ಜಿಯ ಸೆರಗಿನ ಹಿಂದೆ ನಿಂತು ನೋಡುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಫ್ಲೋರಾ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತಳು. ನಾನು ಕಾಫಿ ಕೊಟ್ಟೆ. ಜೊತೆಗೆ ಚಕ್ಕುಲಿ ಕೊಡಲು ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

ಭರಣಿ ಮುಚ್ಚುವ ಹಬ್ಬದ ಆ ಕತೆಯನ್ನು ಫ್ಲೋರಾ ತಾನೇ ಹೇಳಿ ನೋಡಿದಳು: ಮೋಶೆ ಎಂಬ ಪ್ರವಾದಿ ಹಿರಿಯರನ್ನು ಜೀತದಿಂದ ಬಿಡಿಸಿ ಹೊರಡಿಸಿದ್ದು, ರಾಜನ ಸೈನ್ಯ ಬೆನ್ನಟ್ಟಿದ್ದು, ದೇವರು ಸಮುದ್ರ ಸೀಳಿ ದಾರಿ ಬಿಟ್ಟದ್ದು. ನಮ್ಮ ಹಿರಿಯರು ಈಜಿಪ್ಟಿನಲ್ಲಿ ರಾಜನ ಜೀತದಾಳುಗಳಾಗಿದ್ದರು ಎಂದು ಶುರುಮಾಡಿದರೆ ರಿವು ‘ಚಿತ್ರ ಎಲ್ಲಿ?’ ಎನ್ನುತ್ತಿದ್ದಳು. ಚಿತ್ರದ ಪುಸ್ತಕ ಮಸ್ಕತ್ತಿನಲ್ಲಿ ಎಲ್ಲಿಂದ ತರುವುದು? ಮನೆಯಲ್ಲಿದ್ದದ್ದು ಡೇನಿಯಲ್‌ನ ಪ್ರಾರ್ಥನೆಯ ಪುಸ್ತಕ ಒಂದೇ. ನನ್ನ ಬಾಯಿ ಸುಮ್ಮನಿರಬೇಕಲ್ಲ, ‘ಪುಸ್ತಕ ನಾನು ಮಾಡ್ತೇನೆ’ ಎಂದುಬಿಟ್ಟೆ.

ನನ್ನ ಯೋಗ್ಯತೆಯ ಬಗ್ಗೆ ಎರಡು ಮಾತು. ಹೈಸ್ಕೂಲಿನಲ್ಲಿ ಇಡೀ ತರಗತಿಯ ವಿಜ್ಞಾನದ ರೆಕಾರ್ಡ್ ಪುಸ್ತಕಗಳಿಗೆ ಚಿತ್ರ ಬರೆದುಕೊಟ್ಟವಳು ನಾನು. ದಾಸವಾಳದ ಸೀಳುನೋಟ, ಜಿರಳೆಯ ಬಾಯಿ, ಕಪ್ಪೆಯ ಜೀರ್ಣಾಂಗ, ಕಣ್ಣು ಮುಚ್ಚಿ ಬರೆಯುತ್ತಿದ್ದೆ. ಮನುಷ್ಯರನ್ನು ಬರೆದು ಅಭ್ಯಾಸವಿರಲಿಲ್ಲ. ಬರೆದರೂ ಅಸ್ಥಿಪಂಜರ.

ಹದಿನೈದು ದಪ್ಪ ಹಾಳೆ, ಒಂದು ಪೆಟ್ಟಿಗೆ ಸ್ಕೆಚ್ ಪೆನ್ನು ತಂದು ಮಧ್ಯಾಹ್ನಗಳಲ್ಲಿ ಶುರುಮಾಡಿದೆವು. ಮೊದಲ ಹಾಳೆಯಲ್ಲೇ ಕಗ್ಗಂಟು. ನಮ್ಮ ಕಡೆ ಯಾವ ಕತೆಯೇ ಇರಲಿ, ಮೊದಲು ದೇವರನ್ನು ಒಂದು ಮಂಟಪದಲ್ಲಿ ಕೂರಿಸಿ ಆಮೇಲೆ ಮುಂದಿನ ಮಾತು. ಎಷ್ಟು ಕೈ ಹಾಕಲಿ, ವಾಹನ ಯಾವುದು ಎಂದು ಕೇಳಿದೆ. ದೇವರನ್ನು ಬರೆಯುವ ಹಾಗೇ ಇಲ್ಲ, ಅವನಿಗೆ ರೂಪವಿಲ್ಲ ಎಂದಳು. ಹಾಗಾದರೆ ಸಮುದ್ರ ಸೀಳುವುದು ಯಾರು? ಅವನೇ. ಎಲ್ಲಿ ನಿಂತು? ಫ್ಲೋರಾ ಯೋಚಿಸಿದಳು. ಅದನ್ನು ಅತ್ತೆಯನ್ನೇ ಕೇಳಬೇಕು ಎಂದಳು. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲವಾಗಿ ದೇವರನ್ನು ಬಿಟ್ಟು ರಾಜನಿಂದ ಆರಂಭಿಸಿದೆ.

ರಾಜನೆಂದ ಕೂಡಲೇ ನನ್ನ ಕೈಗೆ ಬಂದದ್ದು ದಿನಾ ಕಣ್ಣಿಗೆ ಕಾಣುವ ಉಡುಪು. ಬಿಳಿ ನಿಲುವಂಗಿ, ಬಣ್ಣದ ಮುಂಡಾಸು, ಸೊಂಟದಲ್ಲಿ ಖಂಜರ್ ಎಂಬ ಬಾಗಿದ ಬಾಕು. ಚೆನ್ನಾಗಿಯೇ ಬಂದಿತ್ತು. ಸಂಜೆ ಇವರು ಆಫೀಸಿನಿಂದ ಬಂದು ಅದನ್ನು ನೋಡಿದವರು ಶೂ ಬಿಚ್ಚುವುದನ್ನೂ ಮರೆತರು. ಅನ್ನ ಕೊಟ್ಟ ದೇಶದ ಉಡುಪನ್ನು ಕತೆಯ ಖಳನಿಗೆ ಹಾಕುವ ಬುದ್ಧಿ ಯಾರು ಕೊಟ್ಟದ್ದು ನಿನಗೆ ಎಂದು ಹಾಳೆಯನ್ನು ತಾವೇ ನಾಲ್ಕು ಚೂರು ಮಾಡಿದರು. ಸರಿಯಾದ ಮಾತೇ. ಈಜಿಪ್ಟಿನ ರಾಜ ಫೆರೋನನ್ನು ನಾನು ಕಂಡಿರಲಿಲ್ಲ. ಕಂಡದ್ದು ನಮ್ಮೂರಿನ ಬಯಲಾಟದ ರಕ್ಕಸನ ಬಣ್ಣದ ವೇಷವನ್ನು. ಆನೆಯ ಕಿವಿಯಷ್ಟು ಅಗಲದ ಕಿರೀಟ, ಕೆಂಪು ಕಣ್ಣು, ಮುಖದ ತುಂಬ ಬಿಳಿ ಚುಕ್ಕಿ, ಒಂದು ಕೈ ಮೀಸೆಯ ಮೇಲೆ. ಫೆರೋ ಹಾಗೆ ರಂಗಸ್ಥಳಕ್ಕೆ ಬಂದ. ಫ್ಲೋರಾ ದಿಟ್ಟಿಸಿ ನೋಡಿ, ನಮ್ಮ ಪುಸ್ತಕಗಳಲ್ಲಿ ಹೀಗೆ ಇರಲ್ಲ, ಆದರೆ ಕೆಟ್ಟವನೆಂದು ಗೊತ್ತಾಗುತ್ತದೆ ಎಂದಳು.

ಮಾತುಗಳದ್ದು ಇನ್ನೊಂದು ಕತೆ. ರಿವು ಓದುವುದು ಇಂಗ್ಲಿಷು, ನನಗೆ ಹೊಳೆಯುವುದು ಕನ್ನಡ. ಇವರು ಅನುವಾದ ಮಾಡಿಕೊಡುತ್ತೇನೆಂದು ಹುಮ್ಮಸ್ಸಿನಿಂದ ಕೂತರು. ಇಪ್ಪತ್ತು ವರ್ಷ ಆಫೀಸಿನ ಕಾಗದ ಬರೆದ ಕೈ. ‘ನಮ್ಮ ಜನರನ್ನು ಬಿಡು ಎಂದು ಮೋಶೆ ಕೇಳಿದ, ರಾಜ ಬಿಡಲಿಲ್ಲ’ ಎಂಬ ನನ್ನ ಸಾಲು ಅವರ ಇಂಗ್ಲಿಷಿನಲ್ಲಿ, ತಮ್ಮ ಮನವಿಯನ್ನು ಸೂಕ್ತವಾಗಿ ಪರಿಶೀಲಿಸಲಾಗಿದ್ದು ಸದ್ಯದ ಪರಿಸ್ಥಿತಿಯಲ್ಲಿ ಒಪ್ಪಲು ಸಾಧ್ಯವಾಗದಿರುವುದಕ್ಕೆ ವಿಷಾದಿಸುತ್ತೇವೆ ಎಂದಾಯಿತು. ಕೊನೆಗೆ ಮಾತೇ ಬೇಡವೆಂದು ತೀರ್ಮಾನಿಸಿದೆವು. ರಾಜನ ಬಾಯಿಯ ಹತ್ತಿರ ಮಾತ್ರ ದಪ್ಪಕ್ಷರದಲ್ಲಿ ‘ನೋ’ ಎಂದು ಬರೆದೆ. ಉಳಿದದ್ದನ್ನು ಫ್ಲೋರಾ ಒಂದೊಂದು ಹಾಳೆ ಮುಗಿದ ಹಾಗೆ ಚಿತ್ರ ತೋರಿಸಿ ಮಗಳಿಗೆ ಬಾಯಲ್ಲೇ ಹೇಳುವುದು.

ಮೋಶೆಯ ಮುಖ ಹೇಗಿರಬೇಕು ಎಂಬ ಪ್ರಶ್ನೆಯನ್ನು ಬಿಡಿಸಿದವನು ಹಮೀದ್. ಬಂಟ್ವಾಳ ಕಡೆಯ ಬ್ಯಾರಿ ಮುಸಲ್ಮಾನ, ನಲವತ್ತು ದಾಟಿದ ಗಂಭೀರ ಮನುಷ್ಯ, ನಮ್ಮ ಹಿಂದಿನ ಬೀದಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದ. ನನ್ನ ಜೊತೆ ತುಳುವಿನಲ್ಲೇ ಮಾತು. ಪುಸ್ತಕ ಕಟ್ಟಿಕೊಡುತ್ತೀಯಾ ಎಂದು ವಿಚಾರಿಸಲು ಹೋಗಿ ಕತೆ ಹೇಳಿದರೆ ಅವನಿಗೆ ಕತೆ ನನಗಿಂತ ಚೆನ್ನಾಗಿ ಗೊತ್ತಿತ್ತು. ‘ಇದು ನಮ್ಮ ಮೂಸಾ ನಬಿಯ ಕತೆ ಅಲ್ವಾ ಅಕ್ಕ? ನಬಿಯ ಮುಖ ಬರೀಬಾರದು’ ಎಂದ. ನಬಿ ಎಂದರೆ ಅವರ ಮಾತಿನಲ್ಲಿ ಪ್ರವಾದಿ. ಫ್ಲೋರಾಳನ್ನು ಕೇಳಿದರೆ ಅವಳಿಗೂ ಅದೇ ಸಮಾಧಾನ ಕಂಡಿತು. ನನಗಂತೂ ಹಬ್ಬ. ಮುಖ ಬರೆಯಲು ಬಾರದವಳಿಗೆ ಬೆನ್ನು ಬರೆ ಎಂದರೆ ಕೇಳಬೇಕೇ? ಇಡೀ ಪುಸ್ತಕದಲ್ಲಿ ಮೋಶೆ ನಮಗೆ ಬೆನ್ನು ಹಾಕಿಕೊಂಡೇ ಓಡಾಡಿದ್ದಾನೆ, ಕೈಯಲ್ಲಿ ಕೋಲು.

ಕಪ್ಪೆಗಳ ಪುಟದಲ್ಲಿ ನನ್ನ ವಿದ್ಯೆಯೆಲ್ಲ ಹೊರಬಂತು. ರಾಜ ‘ನೋ’ ಎಂದಾಗಲೆಲ್ಲ ದೇವರು ಅವನ ನಾಡಿಗೆ ಒಂದೊಂದು ಕಾಟ ಕಳಿಸುತ್ತಾನಂತೆ, ಅದರಲ್ಲಿ ಕಪ್ಪೆಯ ಕಾಟವೂ ಒಂದು. ಎಂಥ ಕಪ್ಪೆಗಳು! ಅಭ್ಯಾಸಬಲದಿಂದ ಒಂದಕ್ಕೆ ಬಾಣ ಎಳೆದು ಜಠರ, ಯಕೃತ್ತು ಎಂದು ಬರೆದುಬಿಟ್ಟಿದ್ದೆ, ಆಮೇಲೆ ಹಸಿರು ತೀಡಿ ಮುಚ್ಚಿದೆ. ಹೇನಿನ ಕಾಟಕ್ಕೆ ಮಾದರಿ ಹುಡುಕುವ ಕೆಲಸ ಇರಲಿಲ್ಲ, ರಿವುವಿನ ಶಾಲೆಯೇ ಸಾಕಷ್ಟು ಒದಗಿಸುತ್ತಿತ್ತು. ಸಮುದ್ರ ನೋಡಿ ಬರೆಯೋಣವೆಂದು ಬಸ್ಸು ಹತ್ತಿ ಮತ್ರಾಹದ ದಡಕ್ಕೆ ಹೋಗಿ ಒಂದು ಗಂಟೆ ಕೂತೆವು. ಅದು ಸೀಳಿಕೊಳ್ಳುವ ಯಾವ ಲಕ್ಷಣವನ್ನೂ ತೋರಿಸಲಿಲ್ಲ. ನನ್ನ ಸೀಳಿದ ಸಮುದ್ರ ಎರಡು ತುಂಡು ಹಸಿರು ಹಲ್ವದ ಹಾಗೆ ಬಂತು. ಬೆಟ್ಟ ಮಾತ್ರ ಕಿಟಕಿಯಿಂದ ನೋಡಿ ಬರೆದದ್ದು; ಕಂದು ಪೆನ್ನು ಅಲ್ಲಿಗೇ ಒಣಗಿತು.

ಕಾಟಗಳಲ್ಲಿ ಕೊನೆಯದು ಒಂದಿದೆ. ರಾಜನ ನಾಡಿನ ಮನೆಮನೆಯ ಚೊಚ್ಚಲ ಮಗು ಸಾಯುವುದು. ಅದಕ್ಕೆ ಬಂದಾಗ ಇಬ್ಬರೂ ಪೆನ್ನು ಕೆಳಗಿಟ್ಟೆವು. ಬಿಟ್ಟರೆ ಕತೆ ಸುಳ್ಳಾಗುತ್ತದೆ ಎಂದಳು ಫ್ಲೋರಾ. ಬರೆದರೆ ಮಗು ಹೆದರುತ್ತದೆ ಎಂದೆ. ತುಂಬ ಹೊತ್ತಿನ ಮೇಲೆ ಮುಚ್ಚಿದ ಒಂದು ಬಾಗಿಲನ್ನು ಬರೆದೆ, ಅಷ್ಟೆ. ಹದಿನಾಲ್ಕು ಪುಟಗಳಲ್ಲಿ ನನಗೆ ಸರಿಯಾಗಿ ಬಂದದ್ದು ಅದೊಂದೇ ಎಂದು ಈಗಲೂ ಅನಿಸುತ್ತದೆ.

ಹಬ್ಬಕ್ಕೆ ಮೂರು ವಾರ ಇರುವಾಗ ಆಜಿ ಬಂದಿಳಿದಳು. ನಾನು ದೊಡ್ಡ ಆಳನ್ನು ನಿರೀಕ್ಷಿಸಿದ್ದೆ. ಬಂದದ್ದು ಕಡ್ಡಿಯಂಥ ಹೆಂಗಸು, ಒಂಬತ್ತು ಗಜದ ಸೀರೆ, ದಪ್ಪ ಕನ್ನಡಕ. ಬಾಲ್ಕನಿಯಲ್ಲಿ ಕೂತು ಬೆಟ್ಟವನ್ನು ನೋಡಿ ‘ಒಂದು ಮರ ಇಲ್ಲ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನನ್ನನ್ನು ಪರಿಚಯ ಮಾಡಿಸಿದಾಗ ಮೇಲಿಂದ ಕೆಳಗೆ ನೋಡಿ, ‘ಚಕ್ಕುಲಿ ಮಾಡುವವಳು ಇವಳೇನಾ?’ ಎಂದು ಕೇಳಿದಳು. ಅವಳು ರಿವುವಿನ ಬಟ್ಟೆಗಳನ್ನು ಮಡಿಚಿ ತನ್ನ ಪೆಟ್ಟಿಗೆಗೆ ಅಳತೆ ನೋಡುತ್ತಿದ್ದುದನ್ನು ಫ್ಲೋರಾ ಒಂದು ಮಧ್ಯಾಹ್ನ ಕಂಡಳಂತೆ. ಅವತ್ತಿನಿಂದ ಫ್ಲೋರಾಳ ಊಟವೂ ಅಷ್ಟಕ್ಕಷ್ಟೆ.

ನನ್ನ ಸ್ವಭಾವ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಕೊನೆಯ ಪುಟ ಮುಗಿದದ್ದು ಹಬ್ಬದ ಹಿಂದಿನ ದಿನ. ಹಮೀದ್ ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ಹೊಲಿದು, ಕೆಂಪು ರಟ್ಟು ಹಾಕಿ, ಹಬ್ಬದ ಸಂಜೆ ನಾಲ್ಕಕ್ಕೆ ಕೈಗೆ ಕೊಟ್ಟ. ಅಂಗಡಿಯಲ್ಲೇ ತೆರೆದು ನೋಡಿದೆ. ತೆರೆದರೆ ಊಟದ ಚಿತ್ರ. ಅದು ಕೊನೆಯ ಪುಟ! ತಿರುಗಿಸಿ ನೋಡಿದರೆ ಹೊಲಿಗೆ ಬಲಗಡೆ ಬಿದ್ದಿದೆ, ಪುಸ್ತಕ ಅರಬ್ಬಿ ಪುಸ್ತಕದ ಹಾಗೆ ಬಲದಿಂದ ತೆರೆಯುತ್ತದೆ. ಹಮೀದನಿಗೆ ನನ್ನ ಗಾಬರಿ ಅರ್ಥವೇ ಆಗಲಿಲ್ಲ. ‘ಹತ್ತು ವರ್ಷದಿಂದ ಇಲ್ಲಿ ಬಲಗಡೆಗೇ ಹೊಲಿದು ಕೈ ಕೂತಿದೆ ಅಕ್ಕ. ಅದೂ ನಬಿಯ ಕತೆ, ಎಡಗಡೆಯಿಂದ ತೆರೀಲಿಕ್ಕುಂಟಾ?’ ಎಂದ. ಬಿಚ್ಚಿದರೆ ಅಂಟು ಹಸಿ, ಹಾಳೆ ಹರಿಯುತ್ತದೆ. ಅಳು ಬಂದರೂ ಅಳಲು ಹೊತ್ತಿರಲಿಲ್ಲ. ನಮಗೂ ಊಟಕ್ಕೆ ಕರೆ ಇತ್ತು.

ಸೂರ್ಯ ಮುಳುಗುವ ಹೊತ್ತಿಗೆ ಮೇಜಿನ ಸುತ್ತ ಕೂತೆವು. ಹುದುಗು ಸೇರದ ತೆಳು ರೊಟ್ಟಿ, ಖರ್ಜೂರದ ಪಾಕ, ಕಹಿ ಸೊಪ್ಪು, ಲೋಟಗಳಲ್ಲಿ ದ್ರಾಕ್ಷಿಯ ಶರಬತ್ತು. ಡೇನಿಯಲ್ ತಲೆಗೆ ಟೋಪಿ ಇಟ್ಟುಕೊಂಡು ಪ್ರಾರ್ಥನೆ ಹೇಳಿದ. ಆಮೇಲೆ ಆಜಿ ರಿವುವಿನ ಕಡೆ ತಿರುಗಿ, ಹೇಳು ಎಂದಳು. ಫ್ಲೋರಾ ಪುಸ್ತಕವನ್ನು ಮಗಳ ಕೈಗಿತ್ತಳು. ರಿವು ಶಾಲೆಯ ಪುಸ್ತಕದಂತೆ ಎಡದಿಂದ ತೆರೆದಳು. ‘ಮೊದಲೇ ಊಟ ಮಾಡ್ತಿದ್ದಾರೆ’ ಎಂದಳು. ಹೀಗೇ ಹೋದರೆ ಇವರೆಲ್ಲ ಊಟ ಮುಗಿಸಿ, ಸಮುದ್ರ ದಾಟಿ, ನೆಟ್ಟಗೆ ಜೀತಕ್ಕೆ ಹೋಗಿ ಸೇರುತ್ತಾರಲ್ಲ ದೇವರೇ ಎಂದು ನಾನು ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಪುಸ್ತಕ ಆಜಿಯ ಕೈಯಲ್ಲಿತ್ತು. ಅವಳು ಅದನ್ನು ಹಿಂದುಮುಂದು ತಿರುಗಿಸಿ ಮೇಜಿನ ಮೇಲಿದ್ದ ಪ್ರಾರ್ಥನೆಯ ಪುಸ್ತಕದ ಪಕ್ಕಕ್ಕಿಟ್ಟಳು. ಎರಡರ ಹೊಲಿಗೆಯೂ ಬಲಗಡೆ! ಅವರ ಹೀಬ್ರೂ ಕೂಡ ಬಲದಿಂದ ಎಡಕ್ಕೆ ಓದುವ ಬರಹ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ‘ಪುಸ್ತಕ ಸರಿಯಾಗಿ ಕಟ್ಟಿದ್ದಾರೆ’ ಎಂದು ಆಜಿ ಮೊದಲ ಪುಟ ತೆರೆದು ರಿವುವಿನ ಮುಂದೆ ಹಿಡಿದಳು. ಹಮೀದನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ರಿವು ಚೆನ್ನಾಗಿಯೇ ಹೇಳಿದಳು. ರಾಜನ ‘ನೋ’ವನ್ನು ಮೀಸೆ ತಿರುವಿಯೇ ಹೇಳಿದಳು. ಹೇನಿನ ಪುಟದಲ್ಲಿ ಆಜಿಯ ತಲೆ ಕೆರೆದು ತೋರಿಸಿದಳು. ಮುಚ್ಚಿದ ಬಾಗಿಲಿನ ಪುಟದಲ್ಲಿ, ಒಳಗೆ ಅಳುತ್ತಿದ್ದಾರೆ ಎಂದಷ್ಟೇ ಹೇಳಿ ಬೇಗ ಮಗುಚಿದಳು. ನಮ್ಮವರೆಲ್ಲ ಗಂಟುಮೂಟೆ ಕಟ್ಟಿದರು. ಹೊರಟರು. ಅಲ್ಲಿ ಆಜಿ ಪುಟದ ಮೇಲೆ ಬೆರಳಿಟ್ಟಳು.

ನಾನು ಕನ್ನಡ ಓದಿ ಬೆಳೆದವಳು. ನನ್ನ ಜನ ನಡೆಯುವುದು ಎಡದಿಂದ ಬಲಕ್ಕೆ. ಆದರೆ ಈ ಪುಸ್ತಕದಲ್ಲಿ ಮುಂದಿನ ಪುಟ ಇರುವುದು ಎಡಕ್ಕೆ. ಬಲಕ್ಕಿರುವುದು ಬಿಟ್ಟು ಬಂದ ರಾಜ್ಯ. ಹೊರಟ ಪುಟದಲ್ಲೂ, ಮರಳಿನ ಪುಟದಲ್ಲೂ, ಸೀಳಿದ ಸಮುದ್ರದ ಪುಟದಲ್ಲೂ ಎಲ್ಲರೂ ಮೂಟೆ ಹೊತ್ತು ಶಿಸ್ತಾಗಿ ಹಿಂದಕ್ಕೇ ನಡೆಯುತ್ತಿದ್ದರು.

‘ಇವರೆಲ್ಲ ರಾಜನ ಹತ್ತಿರ ವಾಪಸು ಯಾಕೆ ಹೋಗ್ತಿದ್ದಾರೆ?’ ಎಂದಳು ಆಜಿ.

ಫ್ಲೋರಾ ನನ್ನನ್ನು ನೋಡಿದ ನೋಟ ಬೇಡ. ತಪ್ಪು ನನ್ನದು ಎಂದು ಹೇಳಲು ಎದ್ದೆ, ಇವರು ಸೀರೆ ಹಿಡಿದು ಕೂರಿಸಿದರು. ರಿವು ಒಂದು ಪುಟ ಹಿಂದೆ ಹೋಗಿ ಮೂಟೆ ಕಟ್ಟುವ ಚಿತ್ರವನ್ನು ನೋಡಿದಳು. ಮತ್ತೆ ಮುಂದಿನ ಪುಟಗಳನ್ನು ಒಂದೊಂದಾಗಿ ನೋಡಿದಳು. ಮೂಲೆ ಖಾಲಿ ಬಿಟ್ಟರೆ ನನಗೆ ತಡೆಯುವುದಿಲ್ಲ. ಮೂಟೆ ಕಟ್ಟುವ ಪುಟದ ಮೂಲೆಯಲ್ಲಿ ಹೊಸ್ತಿಲ ಮೇಲೆ ಕೂತ ಒಬ್ಬ ಮುದುಕಿಯನ್ನು ಬರೆದಿದ್ದೆ. ಮುಂದಿನ ಪುಟಗಳಲ್ಲಿ ಅವಳನ್ನು ಹಾಕಲು ಮರೆತದ್ದು ನನಗೆ ಗೊತ್ತಾದದ್ದೇ ಆಗ.

‘ಆಜಿಯನ್ನು ಬಿಟ್ಟು ಬಂದಿದ್ದಾರೆ. ಇಲ್ಲಿ ಕೂತಿದ್ದಾಳೆ ನೋಡು’ ಎಂದಳು ರಿವು. ‘ಕರಕೊಂಡು ಬರಲಿಕ್ಕೆ ಹೋಗ್ತಿದ್ದಾರೆ.’

ಆಜಿ ಕನ್ನಡಕ ಸರಿಮಾಡಿಕೊಂಡು ಮುದುಕಿಯನ್ನು ನೋಡಿದಳು. ‘ಹಿಂದಿನಿಂದ ಸೈನ್ಯ ಬರ್ತಾ ಇದೆ. ಒಂದು ಮುದುಕಿಗೋಸ್ಕರ ಸಮುದ್ರ ಕಾಯ್ತದಾ?’

‘ದೇವರು ಹಿಡ್ಕೊಂಡಿದ್ದಾನೆ.’

‘ಎಲ್ಲಿ? ಕಾಣ್ತಾ ಇಲ್ಲ.’

‘ಅವನು ಕಾಣಲ್ಲ, ಆಜಿ. ನಿನಗೆ ಗೊತ್ತಿಲ್ವಾ?’

ಆಜಿ ಆ ಪುಟವನ್ನು ಅಂಗೈಯಿಂದ ಒಮ್ಮೆ ಸವರಿದಳು. ಆಮೇಲೆ ರೊಟ್ಟಿ ಮುರಿದು ಪಾಕದಲ್ಲಿ ಅದ್ದಿ ಮೊದಲ ತುಂಡನ್ನು ರಿವುವಿನ ಬಾಯಿಗಿಟ್ಟಳು. ಊಟ ನಡೆಯಿತು. ಹುಡುಗಿ ಇರುತ್ತಾಳೋ ಹೋಗುತ್ತಾಳೋ ಎಂಬುದರ ಬಗ್ಗೆ ಆಜಿ ತುಟಿ ಬಿಚ್ಚಲಿಲ್ಲ. ನಾವು ಹೊರಡುವಾಗ ನನ್ನನ್ನು ತಡೆದು, ಕೊನೆಯ ಪುಟದ ಊಟಕ್ಕಾದರೂ ಮುದುಕಿಯನ್ನು ಕೂರಿಸಬೇಕು ಎಂದಳು. ಈಗಲೇ ಪೆನ್ನು ತರುತ್ತೇನೆಂದು ಓಡಿದವಳನ್ನು, ಹಬ್ಬದ ಎರಡು ದಿನ ಬರೆಯುವ ಹಾಗಿಲ್ಲವೆಂದು ಹಿಂದಕ್ಕೆ ಕರೆದಳು. ಆ ಎರಡು ದಿನ ಫ್ಲೋರಾ ನಮ್ಮ ಮನೆಗೆ ಹತ್ತು ಸಲ ಬಂದು ಹೋದಳು. ಕೇಳಿ ನೋಡು ಎಂದರೆ ಧೈರ್ಯವಿಲ್ಲ, ನನಗಾದರೂ ಎಲ್ಲಿತ್ತು?

ಮೂರನೇ ದಿನ ಬೆಳಿಗ್ಗೆ ಪೆನ್ನಿನ ಪೆಟ್ಟಿಗೆ ಹಿಡಿದು ಹೋದೆ. ಆಜಿ ಮಡಿಕೆ ಬಿಚ್ಚಿದ ಹೊಸ ಸೀರೆ ಉಟ್ಟು, ಫೋಟೋಗೆ ಕೂತವಳ ಹಾಗೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಕೊನೆಯ ಪುಟ ತೆರೆದೆ. ಸಮುದ್ರದ ಆಚೆ ದಡದಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾರೆ. ಮುಂದುಗಡೆ ಫ್ಲೋರಾಳಂಥ ಒಬ್ಬ ತಾಯಿ, ಎರಡು ಜಡೆಯ ಒಬ್ಬಳು ಮಗಳು. ತಾಗಿಕೊಂಡು ಕೂತವರನ್ನು ಬರೆಯಲು ನನಗೆ ಬಾರದ ಕಾರಣ ಇಬ್ಬರ ನಡುವೆ ಒಂದಾಳು ಕೂರುವಷ್ಟು ಜಾಗ ಬಿಟ್ಟಿದ್ದೆ. ಅಜ್ಜಿಯ ಪಕ್ಕ ಮೊಮ್ಮಗಳು ಇರಲಿ ಎಂದು ಪೆನ್ನನ್ನು ಅಲ್ಲಿಗೇ ಒಯ್ದೆ.

ಆಜಿ ತನ್ನ ಬೆರಳು ತಂದು ಆ ಜಾಗವನ್ನು ಮುಚ್ಚಿದಳು.

‘ತಾಯಿ ಮಗಳ ಮಧ್ಯೆ ಬೇಡ’ ಎಂದಳು. ‘ನನ್ನನ್ನು ಈಚೆ ಕಡೆ ಕೂರಿಸು.’

ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದ ಫ್ಲೋರಾ ನಿಂತಲ್ಲೇ ನೆಲಕ್ಕೆ ಕೂತುಬಿಟ್ಟಳು. ನಾನು ತಲೆ ತಗ್ಗಿಸಿಕೊಂಡು ಬರೆದೆ. ಕಣ್ಣು ಮಂಜಾಗಿ ಅಜ್ಜಿಯ ಸೆರಗು ವಕ್ರವಾಯಿತು, ಇರಲಿ ಬಿಡು ಎಂದಳು ಆಜಿ.